ಪನಾಶ್ ಅಂದರೆ ಏನು?

ಹಳೆಯ ಕತ್ತಿವರಸೆಯ ಸಿನಿಮಾಗಳ ಬಗ್ಗೆ ಓದುವಾಗ ‘ಪನಾಶ್’ ಅನ್ನುವ ಪದ ಮತ್ತೆ ಮತ್ತೆ ಎದುರಾಗುತ್ತದೆ. ನಿಘಂಟು ತೆಗೆದರೆ ಠೀವಿ, ಗತ್ತು, ಬೆಡಗು ಎಂಬ ಅರ್ಥಗಳು ಸಿಗುತ್ತವೆ. ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಪದದ ಜೀವ ಕೈಗೆ ಸಿಗುವುದಿಲ್ಲ.

ಇದು ಫ್ರೆಂಚ್ ಪದ. ಶಿರಸ್ತ್ರಾಣಕ್ಕೋ ಟೋಪಿಗೋ ಸಿಕ್ಕಿಸುವ ಗರಿಗಳ ಗೊಂಚಲು ಎಂಬುದು ಅದರ ಮೊದಲ ಅರ್ಥ. ನಮ್ಮ ಪೇಟದ ತುರಾಯಿ ಇದ್ದ ಹಾಗೆ. 1590ರ ಇವ್ರಿ ಯುದ್ಧದಲ್ಲಿ ರಾಜ ನಾಲ್ಕನೇ ಹೆನ್ರಿ ತನ್ನ ಸೈನಿಕರಿಗೆ ‘ನನ್ನ ಬಿಳಿ ತುರಾಯಿ ಕಂಡಲ್ಲಿ ಬಂದು ಸೇರಿಕೊಳ್ಳಿ’ ಎಂದನಂತೆ. ಈ ಕಥೆ ಫ್ರೆಂಚರಿಗೆಲ್ಲ ಗೊತ್ತು. ಗರಿಯಿಂದ ಏಟು ತಪ್ಪುವುದಿಲ್ಲ, ಅಲ್ವಾ? ಅದು ದೂರಕ್ಕೇ ಕಾಣುತ್ತದೆ, ಶತ್ರುವಿಗೆ ಗುರಿ ಇಡಲು ಇನ್ನೂ ಸುಲಭ. ಅದು ಗೊತ್ತಿದ್ದೂ ತೊಡುತ್ತಾರೆ. ಪದದ ಮುಂದಿನ ಅರ್ಥವೆಲ್ಲ ಇಲ್ಲಿಂದಲೇ ಹುಟ್ಟಿತು.

ಆ ಅರ್ಥವನ್ನು ಜಗತ್ತಿಗೆ ಹಂಚಿದ್ದು ಒಂದು ನಾಟಕ, ‘ಸಿರಾನೋ ದ ಬೆರ್ಜೆರಾಕ್’. ಬರೆದವರು ಎಡ್ಮೋಂ ರೊಸ್ತಾಂ. 1897ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ ಕಂಡಾಗ ಅವರಿಗೆ ಇನ್ನೂ 29 ವರ್ಷ. ಸಿರಾನೋ ಕವಿ, ಸೈನಿಕ, ಕತ್ತಿ ಹಿಡಿದರೆ ಎದುರಿಲ್ಲ. ಆದರೆ ಮೂಗು ವಿಪರೀತ ದೊಡ್ಡದು. ರೊಕ್ಸಾನ್ ಮೇಲೆ ಅವನಿಗೆ ಪ್ರಾಣ, ಹೇಳಲು ಮಾತ್ರ ಧೈರ್ಯವಿಲ್ಲ. ಅವಳು ಮೆಚ್ಚಿದ್ದು ಕ್ರಿಸ್ತಿಯಾನ್ ಎಂಬ ಚೆಲುವನನ್ನು. ಆ ಹುಡುಗನಿಗೆ ಚೆಂದವಾಗಿ ಮಾತಾಡಲು ಬಾರದು. ಅವನ ಹೆಸರಿನಲ್ಲಿ ಸಿರಾನೋನೇ ಪ್ರೇಮಪತ್ರ ಬರೆಯುತ್ತಾನೆ.

ಮೊದಲ ಅಂಕದಲ್ಲೇ ಅವನು ಕತ್ತಿ ಕಾಳಗ ಮಾಡುತ್ತಾ ಪದ್ಯ ಕಟ್ಟುತ್ತಾನೆ. ಪದ್ಯದ ಕೊನೆ ಸಾಲಿಗೆ ಸರಿಯಾಗಿ ಎದುರಾಳಿಗೆ ಇರಿಯುತ್ತಾನೆ. ಉತ್ತರ ಕರ್ನಾಟಕದ ಲಾವಣಿ ಕೇಳಿದವರಿಗೆ ಇದು ದೂರದ್ದು ಅನ್ನಿಸದು. ಅಲ್ಲಿ ಕಲ್ಗಿ, ತುರಾಯಿ ಎಂಬ ಎರಡು ಪಂಗಡಗಳಿವೆ. ಎರಡೂ ಪೇಟದ ಅಲಂಕಾರದ ಹೆಸರುಗಳೇ, ಸವಾಲು-ಜವಾಬು ನಡೆಯುವುದು ಪದ್ಯದಲ್ಲೇ.

ಆದರೆ ಪನಾಶ್ ಏನೆಂದು ತಿಳಿಯಲು ನನಗೆ ಆ ಕಾಳಗಕ್ಕಿಂತ ನಾಲ್ಕನೇ ಅಂಕದ ಒಂದು ಪ್ರಸಂಗ ಜಾಸ್ತಿ ಮುಖ್ಯ. 1640, ಅರ್ರಾಸ್ ನಗರದ ಮುತ್ತಿಗೆ. ಸೈನಿಕರು ಹಸಿವಿನಿಂದ ಕಂಗೆಟ್ಟಿದ್ದಾರೆ. ದ ಗೀಶ್ ಎಂಬ ದೊಡ್ಡ ಅಧಿಕಾರಿ ತನ್ನ ಜಾಣತನ ಹೇಳಿಕೊಳ್ಳುತ್ತಾನೆ: ಶತ್ರುಗಳ ನಡುವೆ ಸಿಕ್ಕಿಬಿದ್ದಾಗ ಅಧಿಕಾರದ ಗುರುತಾದ ಬಿಳಿ ಪಟ್ಟಿಯನ್ನು ಕೆಳಗೆ ಬೀಳಿಸಿ ಪಾರಾಗಿ ಬಂದೆ ಎಂದು. ಹೆನ್ರಿ ರಾಜ ಎಷ್ಟು ಜನ ಮುತ್ತಿದರೂ ತನ್ನ ಬಿಳಿ ತುರಾಯಿ ಕಳಚುತ್ತಿರಲಿಲ್ಲ ಎನ್ನುತ್ತಾನೆ ಸಿರಾನೋ. ಆ ಪಟ್ಟಿ ಕೊಡಿ, ಇವತ್ತಿನ ದಾಳಿಯಲ್ಲಿ ನಾನೇ ತೊಟ್ಟು ಮುಂದೆ ಹೋಗುತ್ತೇನೆ ಅನ್ನುತ್ತಾನೆ. ಬಾಯಿಮಾತಿನ ಶೌರ್ಯ ಅಂತ ದ ಗೀಶ್ ಹೀಗಳೆಯುತ್ತಾನೆ. ಅದು ಬಿದ್ದ ಜಾಗದಲ್ಲಿ ಗುಂಡಿನ ಮಳೆ, ಯಾರೂ ಹೋಗಿ ತರಲಾರರು. ಸಿರಾನೋ ಜೇಬಿಗೆ ಕೈ ಹಾಕಿ ಪಟ್ಟಿಯನ್ನು ತೆಗೆದು ಕೊಡುತ್ತಾನೆ. ‘ತಗೊಳ್ಳಿ’ ಅಂತ, ಅಷ್ಟೇ.

ಜಂಬ ಪಡುವವನಾಗಿದ್ದರೆ ಮೊದಲೇ ಊರೆಲ್ಲ ಸಾರುತ್ತಿದ್ದ. ನಮ್ಮ ‘ಗತ್ತು’ ಈ ಪದಕ್ಕೆ ಸ್ವಲ್ಪ ಹತ್ತಿರ. ‘ಶೋಕಿ’ ತೀರಾ ದೂರ, ಅದಕ್ಕೆ ಪ್ರಾಣ ಪಣಕ್ಕಿಡಬೇಕಿಲ್ಲ. ‘ಖದರ್’ ಅಂದರೆ ಎದುರಿಗಿದ್ದವನು ಬೆದರಬೇಕು, ಪನಾಶ್‌ಗೆ ಅದು ಬೇಕಿಲ್ಲ. 1903ರಲ್ಲಿ ಫ್ರೆಂಚ್ ಅಕಾಡೆಮಿಯಲ್ಲಿ ಮಾತಾಡುತ್ತಾ ರೊಸ್ತಾಂ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ಅವರ ಪ್ರಕಾರ ಪನಾಶ್ ದೊಡ್ಡತನವಲ್ಲ, ದೊಡ್ಡತನದ ಮೇಲೆ ಗರಿಯಂತೆ ಆಡುವ ಇನ್ನೊಂದು ಏನೋ. ಅಪಾಯದ ಎದುರು ತಮಾಷೆ ಮಾಡುವುದು. ಇಷ್ಟು ಎತ್ತರಕ್ಕೆ ಏರಿದ್ದಕ್ಕೆ ಕ್ಷಮೆ ಕೇಳುವಂಥ ಒಂದು ನಗು.

ಇಂಗ್ಲಿಷ್‌ಗೂ ಈ ಅರ್ಥ ಹೋಗಿದ್ದು ಈ ನಾಟಕದಿಂದಲೇ. ಆದರೂ ಅನುವಾದಕರು ಕಷ್ಟಪಟ್ಟಿದ್ದಾರೆ. 1950ರ ಹಾಲಿವುಡ್ ಸಿನಿಮಾ ಬ್ರಯಾನ್ ಹೂಕರ್ ಅವರ ಇಂಗ್ಲಿಷ್ ಅನುವಾದವನ್ನು ಆಧರಿಸಿತ್ತು. ಸಿರಾನೋ ಆಗಿದ್ದ ಹೋಸೆ ಫೆರೆರ್ ಅವರಿಗೆ ಅದಕ್ಕೆ ಆಸ್ಕರ್ ಬಂತು. ಅಲ್ಲಿ ಕೊನೆಯ ಮಾತು ‘ನನ್ನ ಬಿಳಿ ಗರಿ’ ಎಂದಾಗಿದೆ. ಗರಿ ಉಳಿಯಿತು, ಎದೆಗಾರಿಕೆಯನ್ನು ನೋಡುವವರೇ ಊಹಿಸಿಕೊಳ್ಳಬೇಕು. 1990ರಲ್ಲಿ ಝಾಂ-ಪೋಲ್ ರಾಪ್ನೊ ನಿರ್ದೇಶಿಸಿದ ಫ್ರೆಂಚ್ ಸಿನಿಮಾದಲ್ಲಿ ಜೆರಾರ್ ದೆಪಾರ್ದ್ಯೂ ಮೂಲ ಪದವನ್ನೇ ಹೇಳುತ್ತಾರೆ. ಮೊದಲ ಸಲ ನೋಡುವವರಿಗೆ ನಾನು ಈ ಸಿನಿಮಾವನ್ನೇ ನೋಡಲು ಹೇಳುತ್ತೇನೆ.

ನಾಟಕದ ಕೊನೆಯ ದೃಶ್ಯ ಕನ್ಯಾಮಠದ ತೋಟದಲ್ಲಿ, ಅರ್ರಾಸ್ ಮುತ್ತಿಗೆಯಾದ 15 ವರ್ಷಗಳ ನಂತರ. ತಲೆಯ ಮೇಲೆ ಮರದ ದಿಮ್ಮಿ ಬಿದ್ದು ಸಿರಾನೋ ಸಾಯುತ್ತಿದ್ದಾನೆ. ಗಾಯವನ್ನು ಟೋಪಿಯಿಂದ ಮುಚ್ಚಿಕೊಂಡೇ ರೊಕ್ಸಾನ್‌ಳನ್ನು ನೋಡಲು ಬಂದಿದ್ದಾನೆ. ಎಲ್ಲವನ್ನೂ ನನ್ನಿಂದ ಕಿತ್ತುಕೊಂಡಿರಿ, ಒಂದನ್ನು ಮಾತ್ರ ನಾನು ಒಯ್ಯುತ್ತೇನೆ ಎನ್ನುತ್ತಾನೆ. ಇವತ್ತು ರಾತ್ರಿ ದೇವರ ಮನೆಗೆ ಹೋದಾಗ ಬಗ್ಗಿ ವಂದಿಸಿ ಆ ನೀಲಿ ಹೊಸ್ತಿಲನ್ನು ಗುಡಿಸುತ್ತೇನೆ ಎನ್ನುತ್ತಾನೆ. ಆ ಕಾಲದಲ್ಲಿ ಗರಿಯ ಟೋಪಿ ತೆಗೆದು ನೆಲಕ್ಕೆ ಬೀಸಿ ವಂದಿಸುತ್ತಿದ್ದರು. ತಾನು ಒಯ್ಯುವುದರಲ್ಲಿ ಒಂದು ಮಡಿಕೆ ಇಲ್ಲ, ಒಂದು ಕಲೆ ಇಲ್ಲ ಎನ್ನುತ್ತಾನೆ ಸಿರಾನೋ. ರೊಕ್ಸಾನ್ ಬಗ್ಗಿ ಅವನ ಹಣೆಗೆ ಮುತ್ತಿಟ್ಟು ‘ಏನದು?’ ಎಂದು ಕೇಳುತ್ತಾಳೆ. ಅವನು ಕಣ್ಣು ತೆರೆದು, ಅವಳ ಗುರುತು ಹಿಡಿದು, ನಗುತ್ತಾನೆ. ‘ನನ್ನ ಪನಾಶ್.’