ಮೂಕರ್ಜಿ ಬರೆದವರೆಲ್ಲ ವಿಸಲ್‌ಬ್ಲೋವರ್ ಅಲ್ಲ

ಪ್ರಶ್ನೆ: ಪೇಪರಲ್ಲಿ ‘ವಿಸಲ್‌ಬ್ಲೋವರ್’ ಅಂತ ಬರುತ್ತಲ್ಲ, ಹಾಗಂದ್ರೆ ಮೂಕರ್ಜಿ ಬರೆಯುವವರು ತಾನೇ? (ಸೋಮವಾರಪೇಟೆಯ ಓದುಗರು)

ಅಲ್ಲ. ಈ ಮಳೆಗಾಲದಲ್ಲೇ ಇದು ನಾಲ್ಕನೇ ಸಲ ಬಂದ ಪ್ರಶ್ನೆ. ದಯವಿಟ್ಟು ಈ ಪುಟ ಎತ್ತಿಟ್ಟುಕೊಳ್ಳಿ.

ತಾನಿರುವ ಕಡೆ ನಡೆಯುವ ಅಕ್ರಮ ನೋಡಿ ಸುಮ್ಮನಿರಲಾರದೆ ಹೊರಗೆ ಹೇಳುವವರು ವಿಸಲ್‌ಬ್ಲೋವರ್. ಹಾಕಿ ಆಡುವ ಕೊಡಗಿನವರಿಗೆ ವಿಸಲ್ ಏನೆಂದು ನಾನು ಹೇಳಬೇಕೇ? ಆದರೆ ಮೈದಾನದಲ್ಲಿ ಊದುವ ಅಂಪೈರ್ ಯಾವ ತಂಡದವರೂ ಅಲ್ಲ. ಇಲ್ಲಿ ಸಾಮಾನ್ಯವಾಗಿ ಊದುವವನು ಅದೇ ತಂಡದ ಆಟಗಾರ. ಅದಕ್ಕೇ ಅವನಿಗೆ ಪೆಟ್ಟು ಜಾಸ್ತಿ.

ಈಗ ಮೂಕರ್ಜಿಗೆ, ಅಂದರೆ ಬರೆದವರ ಹೆಸರಿಲ್ಲದ ದೂರಿಗೆ, ಬರೋಣ. ನಮ್ಮಲ್ಲಿ ಬೀಟೆ ಮರ ಕಡಿದರೂ ಮೂಕರ್ಜಿ, ಹೋಂಸ್ಟೇ ಕೊಳಚೆ ತೋಡಿಗೆ ಬಿಟ್ಟರೂ ಮೂಕರ್ಜಿ, ಪಕ್ಕದ ತೋಟದವರ ಜೊತೆ ಬೇಲಿ ಜಗಳವಾದರೂ ಮೂಕರ್ಜಿ. ಕೆಳಗೆ ‘ನೊಂದ ಗ್ರಾಮಸ್ಥರು’. ಆಮೇಲೆ ‘ನಮಗೆ ಕಾನೂನಿನ ರಕ್ಷಣೆ ಇದೆ’ ಅನ್ನುತ್ತಾರೆ. ಯಾವ ಕಾನೂನು ಸ್ವಾಮಿ? 2014ರ ವಿಸಲ್‌ಬ್ಲೋವರ್ ರಕ್ಷಣಾ ಕಾಯ್ದೆ ತೆಗೆದು ಓದಿ. ದೂರು ಕೊಟ್ಟವರು ಯಾರೆಂದು ತಿಳಿಸದಿದ್ದರೆ, ಅಥವಾ ಕೊಟ್ಟ ಹೆಸರು ಸುಳ್ಳಾಗಿದ್ದರೆ, ಕ್ರಮ ಕೈಗೊಳ್ಳುವಂತಿಲ್ಲ ಅಂತ ಅದರಲ್ಲೇ ಇದೆ. ಬೇಲಿ ಜಗಳ ಅದರೊಳಗೆ ಬರುವುದೇ ಇಲ್ಲ. ಅದು ಸರ್ಕಾರಿ ನೌಕರರ ಭ್ರಷ್ಟಾಚಾರ, ಅಧಿಕಾರ ದುರ್ಬಳಕೆಯಂಥ ವಿಷಯಕ್ಕೆ. ಬೇಕೆಂದೇ ಸುಳ್ಳು ದೂರು ಕೊಟ್ಟರೆ 2 ವರ್ಷದವರೆಗೆ ಜೈಲು. ಇಷ್ಟಾಗಿಯೂ ಕಾಯ್ದೆ ಪಾಸಾಗಿ ವರ್ಷಗಳೇ ಕಳೆದರೂ ಜಾರಿಗೆ ಬರದೆ ಕೂತಿದೆ!

ಹೆಸರು ಬರೆಯಬೇಕು, ಅದನ್ನು ಗುಟ್ಟಾಗಿಡುವುದು ದೂರು ಪಡೆದವರ ಹೊಣೆ. ಇದೇ ಲೆಕ್ಕ. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಇಂಜಿನಿಯರ್ ಸತ್ಯೇಂದ್ರ ದುಬೆ ಪ್ರಧಾನಿ ಕಚೇರಿಗೆ ಬರೆದಾಗ ಹೆಸರು ಗುಟ್ಟಾಗಿಡಿ ಅಂತಲೂ ಕೇಳಿಕೊಂಡಿದ್ದರು. ಗುಟ್ಟು ಉಳಿಯಲಿಲ್ಲ. 2003ರ ನವೆಂಬರಿನಲ್ಲಿ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆ ಮೇಲೆಯೇ, 2004ರಲ್ಲಿ, ಇಂಥ ದೂರು ಪಡೆಯುವ ಕೆಲಸ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಕೇಂದ್ರ ವಿಚಕ್ಷಣಾ ಆಯೋಗಕ್ಕೆ ಬಂತು. ಅಲ್ಲೂ ಮೂಕರ್ಜಿ ನಡೆಯುವುದಿಲ್ಲ. ಹೆಸರು ಒಳಗಿನ ಪತ್ರದಲ್ಲಿರಬೇಕು, ಲಕೋಟೆಯ ಮೇಲೆ ಬೇಡ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಏನನ್ನಬೇಕು? ‘ಸೀಟಿ ಊದುವವ’ ಅಂದರೆ ಬಸ್ ಕಂಡಕ್ಟರ್ ನೆನಪಾಗುತ್ತಾನೆ. ‘ಚಾಡಿಕೋರ’ ಅಂತೂ ಬೇಡವೇ ಬೇಡ. 1970ರ ದಶಕದ ಆರಂಭದಲ್ಲಿ ಅಮೆರಿಕದ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ‘ವಿಸಲ್‌ಬ್ಲೋವರ್’ ಪದವನ್ನು ಬಳಕೆಗೆ ತಂದಿದ್ದೇ ಆ ಚಾಡಿಯ ಹೆಸರು ತಪ್ಪಿಸಲು. ‘ಅಕ್ರಮ ಬಯಲಿಗೆಳೆದವರು’ ಅನ್ನಿ, ಎಲ್ಲರಿಗೂ ಅರ್ಥವಾಗುತ್ತದೆ. ಇಂಗ್ಲಿಷ್ ಪದವೇ ಬೇಕೆಂದರೆ ‘ವಿಸಲ್’ ಅಂತ ಬರೆಯಿರಿ. ‘ವಿಷಲ್’ ಅಂದರೆ ಮೊದಲು ವಿಷವೇ ಕಣ್ಣಿಗೆ ಬೀಳುತ್ತದೆ.