ಆರ್ಮ್: ಎಸೆಯದೆಯೂ ಓಟ ನಿಲ್ಲಿಸುವ ಕೈ

ಕ್ರಿಕೆಟ್‌ನಲ್ಲಿ ಯಾರಾದರೂ ಬೌಂಡರಿ ಗೆರೆಯಿಂದ ಸೀದಾ ಕೀಪರ್ ಕೈಗೆ ಚೆಂಡು ಎಸೆದರೆ ‘ಏನ್ ಥ್ರೋ ಗುರು!’ ಅನ್ನುತ್ತೇವೆ. ಹೊಗಳಿಕೆ ಆ ಒಂದು ಎಸೆತಕ್ಕೆ. ಬೇಸ್‌ಬಾಲ್ ಮಂದಿ ಕೈಯನ್ನೇ ಹೊಗಳುತ್ತಾರೆ. ‘ಅವನಿಗೆ ಆರ್ಮ್ ಇದೆ’ ಅಂದರೆ ಮುಗಿಯಿತು. ಆರ್ಮ್ ಅಂದರೆ ಬರೀ ತೋಳಲ್ಲ, ಫೀಲ್ಡರ್‌ನ ಎಸೆಯುವ ತಾಕತ್ತು. ತೀರಾ ಜೋರಾಗಿದ್ದರೆ ಅದಕ್ಕೆ ‘ಕ್ಯಾನನ್’ ಅನ್ನುತ್ತಾರೆ, ಅಂದರೆ ಫಿರಂಗಿ. ಹೊಸ ಹುಡುಗರನ್ನು ಹುಡುಕುವ ಸ್ಕೌಟ್‌ಗಳು ಇದಕ್ಕೆ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. 50 ಬಂದರೆ ಪರವಾಗಿಲ್ಲ. 80 ಅಂದರೆ ಅಪರೂಪದ ಕೈ.

ಈ ಕೈ ಎಲ್ಲರಿಗಿಂತ ಜಾಸ್ತಿ ಬೇಕಾಗುವುದು ರೈಟ್ ಫೀಲ್ಡರ್‌ಗೆ, ಅಂದರೆ ಬ್ಯಾಟ್ ಮಾಡುವವನ ಕಡೆಯಿಂದ ನೋಡಿದರೆ ಬಲಗಡೆ ಹೊರಮೈದಾನದಲ್ಲಿ ನಿಲ್ಲುವವನಿಗೆ. ಬೇಸ್‌ಬಾಲ್‌ನಲ್ಲಿ ಹೊಡೆದವನು ಮೂರು ಬೇಸ್ ಸುತ್ತಿ, ಹೊಡೆದ ಜಾಗಕ್ಕೆ, ಅಂದರೆ ಹೋಮ್ ಪ್ಲೇಟ್‌ಗೆ, ಮರಳಿದರೆ ಒಂದು ರನ್. ರನ್ನರ್ ಮೊದಲನೇ ಬೇಸ್‌ನಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಓಡುತ್ತಾನೆ. ಮೂರನೇ ಬೇಸ್ ಇರುವುದು ರೈಟ್ ಫೀಲ್ಡರ್‌ಗೆ ಪೂರ್ತಿ ಎದುರು ಬದಿಯಲ್ಲಿ. ಇಡೀ ಒಳಮೈದಾನ ದಾಟಿಸಿ ಎಸೆಯಬೇಕು. ಸ್ಟಂಪ್‌ಗೆ ಹೊಡೆದರೆ ಆಯಿತು ಅನ್ನುವ ಹಾಗೂ ಇಲ್ಲ. ಬೇಸ್ ಹತ್ತಿರ ನಿಂತವನು ಚೆಂಡು ಹಿಡಿದು, ಮುಟ್ಟಾಟದ ಹಾಗೆ, ಜಾರಿ ಬರುವ ರನ್ನರ್‌ನನ್ನು ಗ್ಲೌಸ್‌ನಿಂದ ಮುಟ್ಟಬೇಕು. ಚೆಂಡು ತಲೆಮಟ್ಟಕ್ಕೆ ಬಂದರೆ ಗ್ಲೌಸ್ ಕೆಳಗೆ ತರುವಷ್ಟರಲ್ಲಿ ಅವನ ಕಾಲು ಬೇಸ್ ಮೇಲಿರುತ್ತದೆ. ಹಾಗಾಗಿ ಬರೀ ಜೋರು ಇದ್ದರೆ ಸಾಲದು.

2001ರ ಏಪ್ರಿಲ್ 11, ಓಕ್ಲೆಂಡ್. ಜಪಾನ್‌ನಿಂದ ಬಂದು ಸಿಯಾಟಲ್ ಮ್ಯಾರಿನರ್ಸ್ ಸೇರಿದ್ದ ಇಚಿರೊ ಸುಝುಕಿಗೆ ಅದು ಅಮೆರಿಕದಲ್ಲಿ ಮೊದಲ ಸೀಸನ್, ಶುರುವಾಗಿ ಕೆಲವೇ ದಿನ. ರೈಟ್ ಫೀಲ್ಡ್‌ಗೆ ಚೆಂಡು ಬಂತು. ಮೊದಲ ಬೇಸ್‌ನಲ್ಲಿದ್ದ ಟೆರೆನ್ಸ್ ಲಾಂಗ್ ಮೂರನೆಯದಕ್ಕೇ ಹೊರಟ. ಸಾಮಾನ್ಯವಾಗಿ ಆರಾಮಾಗಿ ತಲುಪುವ ಓಟ ಅದು. ಇಚಿರೊ ಓಡುತ್ತ ಬಂದು ಚೆಂಡೆತ್ತಿ ಬಿಟ್ಟ. ಅದು ಕಮಾನಿನ ಹಾಗೆ ಮೇಲೆದ್ದು ಇಳಿಯಲಿಲ್ಲ, ದಾರ ಎಳೆದ ಹಾಗೆ ಹೋಗಿ ಮೂರನೇ ಬೇಸ್‌ನ ಡೇವಿಡ್ ಬೆಲ್‌ನ ಗ್ಲೌಸ್ ಸೇರಿತು. ಲಾಂಗ್ ತಾನೇ ಬಂದು ಗ್ಲೌಸ್‌ಗೆ ಬಿದ್ದ ಹಾಗಿತ್ತು. ವಿಡಿಯೋ ಸಿಕ್ಕರೆ ನೋಡಿ, ಎರಡನೇ ಸಲ ಬೆಲ್‌ನ ಕೈಯನ್ನು ಮಾತ್ರ ನೋಡಿ.

ಹೀಗೆ ಎಸೆದು ಔಟ್ ಮಾಡಿಸಿದವನಿಗೆ ಸ್ಕೋರ್ ಪುಸ್ತಕದಲ್ಲಿ ಒಂದು ‘ಅಸಿಸ್ಟ್’ ಸಿಗುತ್ತದೆ. ಹಾಗಾದರೆ ಜಾಸ್ತಿ ಅಸಿಸ್ಟ್ ಇದ್ದವನದೇ ಒಳ್ಳೆ ಆರ್ಮ್, ಅಲ್ವಾ? ಇಲ್ಲೇ ಮಜಾ ಇರುವುದು. ಕೈಯ ಹೆಸರು ಒಮ್ಮೆ ಹಬ್ಬಿತು ಅಂದರೆ ಯಾರೂ ಓಡುವುದೇ ಇಲ್ಲ. ಮೂರನೇ ಬೇಸ್ ಪಕ್ಕದಲ್ಲಿ ಬ್ಯಾಟಿಂಗ್ ತಂಡದ ಕೋಚ್ ಎರಡೂ ಕೈ ಮೇಲೆತ್ತಿ ‘ನಿಲ್ಲು’ ಅನ್ನುತ್ತಾನೆ. ರನ್ನರ್ ನಿಲ್ಲುತ್ತಾನೆ. ಫೀಲ್ಡರ್ ಸುಮ್ನೆ ಚೆಂಡನ್ನು ಒಳಗೆ ಕಳಿಸುತ್ತಾನೆ. ಪುಸ್ತಕದಲ್ಲಿ ಏನೂ ದಾಖಲಾಗುವುದಿಲ್ಲ. ಆದರೆ ಒಂದು ರನ್ ಉಳಿದಿರಬಹುದು.

ಇನ್ನೊಂದು ತಕರಾರೂ ಇದೆ. 1900ರಿಂದ ಈಚೆಗೆ ಒಂದೇ ಸೀಸನ್‌ನಲ್ಲಿ ಔಟ್‌ಫೀಲ್ಡರ್ (ಹೊರಮೈದಾನದ ಫೀಲ್ಡರ್) ಒಬ್ಬ ಗಳಿಸಿದ ಅತಿ ಹೆಚ್ಚು ಅಸಿಸ್ಟ್ 44. 1930ರಲ್ಲಿ ಫಿಲಡೆಲ್ಫಿಯಾದ ಚಕ್ ಕ್ಲೈನ್ ಮಾಡಿದ್ದು. ಅವನ ಕೈ ಚೆನ್ನಾಗಿಯೇ ಇತ್ತು. ಆದರೆ ಅವರ ಬೇಕರ್ ಬೌಲ್ ಮೈದಾನದಲ್ಲಿ ರೈಟ್ ಫೀಲ್ಡ್ ಗೋಡೆ ಹೋಮ್ ಪ್ಲೇಟ್‌ನಿಂದ ಸುಮಾರು 280 ಅಡಿ ದೂರದಲ್ಲೇ ಇತ್ತು. ಹತ್ತಿರ ನಿಂತರೆ ಎಸೆಯುವ ದೂರವೂ ಕಮ್ಮಿ. ಗಲ್ಲಿ ಕ್ರಿಕೆಟ್‌ನಲ್ಲಿ ಎದುರುಮನೆ ಕಾಂಪೌಂಡ್‌ಗೆ ಒರಗಿ ನಿಂತು ಫೀಲ್ಡಿಂಗ್ ಮಾಡಿದವರಿಗೆ ಆ ಅನುಕೂಲ ಏನು ಅಂತ ಗೊತ್ತು.

ಹಳಬರನ್ನು ಕೇಳಿದರೆ ಬಹಳ ಮಂದಿ ಹೇಳುವ ಹೆಸರು ಪಿಟ್ಸ್‌ಬರ್ಗ್ ಪೈರೇಟ್ಸ್‌ನ ರಾಬರ್ಟೊ ಕ್ಲೆಮೆಂಟೆ. ಪೋರ್ಟೊ ರಿಕೊದವನು, ಶಾಲೆಯಲ್ಲಿ ಜಾವೆಲಿನ್ ಎಸೆಯುತ್ತಿದ್ದ. ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿ 12 ಸಲ ಪಡೆದ. ಅವನ ಕೈಯ ವೇಗ ಎಷ್ಟಿತ್ತೋ, ಆಗ ಅಳೆಯುವವರೇ ಇರಲಿಲ್ಲ.

ಈಗ ಅಳೆಯುತ್ತಾರೆ. 2015ರಿಂದ ಮೇಜರ್ ಲೀಗ್ ಮೈದಾನಗಳಲ್ಲೆಲ್ಲ ಸ್ಟ್ಯಾಟ್‌ಕಾಸ್ಟ್ ಅನ್ನುವ ವ್ಯವಸ್ಥೆ ಇದೆ. 2016ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಆರನ್ ಹಿಕ್ಸ್ ಎಸೆದ ಒಂದು ಚೆಂಡು ಗಂಟೆಗೆ 105.5 ಮೈಲಿ ತೋರಿಸಿತು. ಸುಮಾರು 170 ಕಿಲೋಮೀಟರ್. ಶೋಯಬ್ ಅಖ್ತರ್‌ನ 161.3ಕ್ಕೆ ಹೋಲಿಸಬೇಡಿ ಮತ್ತೆ. ಇಲ್ಲಿ ಮೊಣಕೈ ಮಡಿಸಿ ಎಸೆಯಬಹುದು, ಚೆಂಡೂ ಸ್ವಲ್ಪ ಹಗುರ. ಹಿಕ್ಸ್‌ನ ಆ ಎಸೆತಕ್ಕೆ, ಕ್ಯಾಚ್ ಆದಮೇಲೆ ಬೇಸ್ ಬಿಟ್ಟು ಹೋಮ್ ಪ್ಲೇಟ್‌ಗೆ ಓಡಿದ್ದ ಓಕ್ಲೆಂಡ್‌ನ ಡ್ಯಾನಿ ವಾಲೆನ್ಸಿಯಾ ಔಟ್ ಆದ.