ಚಿತ್ರಕ್ಕೂ ಒಂದು ನಂಬರ್ ಬೇಕು

ಹಳೆಯ ಚಿತ್ರಗಳನ್ನು ಸರಿಪಡಿಸುವುದು ನನ್ನ ಕೆಲಸ. ಇದು ಗೊತ್ತಾದವರು ಹೆಚ್ಚಾಗಿ ಒಂದು ಪ್ರಶ್ನೆ ಕೇಳುತ್ತಾರೆ: ನಮ್ಮ ಕಲಾವಿದರ ಚಿತ್ರಗಳನ್ನು ಊರಿನ ಆಸ್ತಿ ಅಂತ ಬೆಂಗಳೂರಿನಲ್ಲಿ ಯಾರಾದರೂ ಇಟ್ಟುಕೊಂಡಿದ್ದಾರಾ?

ಇಟ್ಟುಕೊಂಡಿದ್ದಾರೆ, ಆದರೆ ಒಂದೇ ಕಡೆ ಅಲ್ಲ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ಕೆ. ವೆಂಕಟಪ್ಪನವರು ಊಟಿಯಲ್ಲಿ ಬರೆದ ಜಲವರ್ಣಗಳಿವೆ, ಕೆ.ಕೆ. ಹೆಬ್ಬಾರರ ಕೃತಿಗಳೂ ಇವೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಸಂಗ್ರಹ ಬೇರೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಎನ್‌ಜಿಎಂಎ, ಅಂದರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಇವೆಲ್ಲ ಕಣ್ಣಿಗೆ ಕಾಣುವ ಜಾಗಗಳು. ನನಗೆ ಚಿಂತೆ ಇರುವುದು ಇವುಗಳ ಆಚೆಗಿನ ಚಿತ್ರಗಳ ಬಗ್ಗೆ. ಕಚೇರಿಯ ಮೆಟ್ಟಿಲ ತಿರುವಿನಲ್ಲಿ, ಸಾಹೇಬರ ಕೋಣೆಯಲ್ಲಿ, ಗ್ರಂಥಾಲಯದ ಬೀರುವಿನ ಮೇಲೆ ಧೂಳು ಹಿಡಿದು ನಿಂತಿರುತ್ತವಲ್ಲ, ಅವು. ಕೆಲವನ್ನು ಹಣ ಕೊಟ್ಟು ಕೊಂಡಿರುತ್ತಾರೆ, ಕೆಲವನ್ನು ಕಲಾವಿದರೇ ಪ್ರೀತಿಯಿಂದ ಕೊಟ್ಟಿರುತ್ತಾರೆ. ಅವೂ ಜನರ ಆಸ್ತಿಯೇ.

ಅಮೆರಿಕದ ಸಿಯಾಟಲ್ ನಗರ 1973ರಲ್ಲೇ ಒಂದು ಕಾನೂನು ಮಾಡಿತು. ನಗರದ ಕಟ್ಟಡ ಕಾಮಗಾರಿಗಳ ಹಣದಲ್ಲಿ ಶೇ 1ರಷ್ಟು ಕಲೆಗೆ. ಹಾಗೆ ಕೊಂಡ ಸಣ್ಣ ಚಿತ್ರಗಳನ್ನು ಸರ್ಕಾರಿ ಕಚೇರಿಗಳಲ್ಲಿ ನೇತುಹಾಕುತ್ತಾರೆ, ಆಗಾಗ ಜಾಗ ಬದಲಿಸುತ್ತಾರೆ. ಇದನ್ನು ಕೇಳಿದ ತಕ್ಷಣ ನಮ್ಮವರು ದುಡ್ಡಿನ ಮಾತು ಎತ್ತುತ್ತಾರೆ. ನನಗೆ ಅದಕ್ಕಿಂತ ಆ ಜಾಗ ಬದಲಿಸುವ ಕೆಲಸವೇ ದೊಡ್ಡದಾಗಿ ಕಾಣುತ್ತದೆ. ಯಾವ ಚಿತ್ರ ಎಲ್ಲಿದೆ ಅಂತ ಗೊತ್ತಿದ್ದರೆ ತಾನೇ ಬದಲಿಸುವುದು?

ನಮ್ಮಲ್ಲಿ ಚಿತ್ರ ಕಚೇರಿಗೆ ಬಂದರೆ ದಾಸ್ತಾನು ರಿಜಿಸ್ಟರ್‌ಗೆ ಹೋಗುತ್ತದೆ. ಮೇಲಿನ ಸಾಲಿನಲ್ಲಿ ಸ್ಟೀಲ್ ಬೀರು, ಕೆಳಗಿನ ಸಾಲಿನಲ್ಲಿ ಫ್ಯಾನು, ನಡುವೆ ‘ಫೋಟೋ, ಫ್ರೇಮ್ ಸಹಿತ, 1’. ಕಲಾವಿದರ ಹೆಸರಿಲ್ಲ, ಅಳತೆ ಇಲ್ಲ. ಕಚೇರಿ ಸ್ಥಳಾಂತರವಾದಾಗ ಈ ಸಾಲು ‘ನಿರುಪಯುಕ್ತ ವಸ್ತು’ಗಳ ಪಟ್ಟಿಗೆ ಸೇರಿ ಗುಜರಿಗೆ ಹೋದರೆ ಗುಮಾಸ್ತರನ್ನು ಬೈದು ಏನು ಬಂತು? ಪುಸ್ತಕದಲ್ಲಿ ಇದ್ದದ್ದೇ ಅಷ್ಟು.

ಸಂಗ್ರಹಾಲಯದಲ್ಲಿ ಚಿತ್ರ ಒಳಗೆ ಬಂದ ದಿನವೇ ಅದಕ್ಕೊಂದು ನಂಬರ್ ಬೀಳುತ್ತದೆ. ಬಂದ ವರ್ಷ, ಆ ವರ್ಷದಲ್ಲಿ ಅದು ಎಷ್ಟನೆಯದು, ಇಷ್ಟೇ. ಕಾಗದದ ಚಿತ್ರವಾದರೆ ಹಿಂಬದಿಯ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್‌ನಲ್ಲಿ, ಒತ್ತದೆ ಬರೆಯಬೇಕು. ಕ್ಯಾನ್ವಾಸ್ ಆದರೆ ಬಟ್ಟೆಯ ಮೇಲಲ್ಲ, ಅದನ್ನು ಬಿಗಿದಿರುವ ಮರದ ಚೌಕಟ್ಟಿನ ಮೇಲೆ. ಬಾಲ್ ಪೆನ್ ಮುಟ್ಟಲೇಬಾರದು. ಶಾಯಿ ಕಾಗದದ ಮುಂಬದಿಗೂ ಇಳಿಯುತ್ತದೆ. ಆಮೇಲೆ ಎದುರಿನಿಂದ ಒಂದು ಫೋಟೋ, ಹಿಂದಿನಿಂದ ಒಂದು, ಜೊತೆಗೆ ಎಲ್ಲಿ ಬಿರುಕಿದೆ, ಎಲ್ಲಿ ಕಲೆ ಇದೆ ಅಂತ ಒಂದು ಪುಟದ ಟಿಪ್ಪಣಿ. ನಾಳೆ ಬಿರುಕು ದೊಡ್ಡದಾದರೆ ಹೋಲಿಸಿ ನೋಡಲು ಬೇಕಲ್ಲ.

ನಾನು ಚಿತ್ರ ಕೈಗೆತ್ತಿಕೊಂಡರೆ ಮೊದಲು ತಿರುಗಿಸಿ ನೋಡುತ್ತೇನೆ. ಹಳೆಯ ಪ್ರದರ್ಶನದ ಚೀಟಿ, ಕಲಾವಿದರು ಬರೆದ ಬೆಲೆ, ಕೆಲವೊಮ್ಮೆ ಮನೆ ವಿಳಾಸ, ಎಲ್ಲ ಅಲ್ಲೇ ಸಿಗುತ್ತವೆ. ಹಾಳಾಗುವುದು ಶುರುವಾಗುವುದೂ ಅಲ್ಲಿಂದಲೇ. ಫ್ರೇಮ್ ಅಂಗಡಿಯಲ್ಲಿ ಹಿಂದೆ ಹಾರ್ಡ್‌ಬೋರ್ಡ್ ಕೂರಿಸಿ, ಮೈದಾ ಅಂಟಿನಲ್ಲಿ ನ್ಯೂಸ್‌ಪೇಪರ್ ಮೆತ್ತಿರುತ್ತಾರೆ. ಬೋರ್ಡಿನ ಆಮ್ಲ ಕಾಗದಕ್ಕೆ ಇಳಿದು ಕಂದು ಬಣ್ಣ ತರುತ್ತದೆ. ಮೈದಾ ತಿನ್ನಲು ಹುಳ ಬರುತ್ತದೆ. ಮುಂದೆ ಗಾಜು ಚಿತ್ರಕ್ಕೇ ತಾಗಿಕೊಂಡಿದ್ದರೆ ಮಳೆಗಾಲದಲ್ಲಿ ಬಣ್ಣ ಗಾಜಿಗೆ ಅಂಟುತ್ತದೆ, ಬಿಡಿಸುವುದು ದೊಡ್ಡ ತಲೆನೋವು. ಬೆಂಗಳೂರಿನ ಹವೆ ಹಿತ ಅನ್ನುವುದು ನಮಗೆ, ಕಾಗದಕ್ಕಲ್ಲ. ಬಚ್ಚಲುಮನೆಗೆ ಹೊಂದಿಕೊಂಡ ಗೋಡೆಗೆ ಚಿತ್ರ ನೇತುಹಾಕಿದರೆ ಫಂಗಸ್ ಗ್ಯಾರಂಟಿ.

ಬೆಳಕಿನದು ಇನ್ನೊಂದು ಕಥೆ. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ಜಲವರ್ಣಕ್ಕೆ ಸುಮಾರು 50 ಲಕ್ಸ್ ಬೆಳಕು ಸಾಕು ಅನ್ನುವುದು ಸಂಗ್ರಹಾಲಯಗಳ ವಾಡಿಕೆ. ಕಚೇರಿಯ ಮೇಜಿನ ಮೇಲೆ ಸಾಮಾನ್ಯವಾಗಿ 300ರಿಂದ 500 ಇರುತ್ತದೆ. ಮಾಸಿದ ಬಣ್ಣ ಮತ್ತೆ ಬರುವುದಿಲ್ಲ, ನನ್ನ ಕೈಯಲ್ಲೂ ಆಗುವುದಿಲ್ಲ. ಹಾಗಾಗಿ ಕಾಗದದ ಚಿತ್ರವನ್ನು ಕೆಲವು ತಿಂಗಳು ತೋರಿಸಿ ಕತ್ತಲಲ್ಲಿ ಇಡಬೇಕು. ‘ಎಲ್ಲವನ್ನೂ ಯಾಕೆ ತೋರಿಸಲ್ಲ, ಸುಮ್ನೆ ಬೀಗ ಹಾಕಿ ಇಟ್ಟಿದ್ದಾರೆ’ ಅಂತ ಬೈಯುವ ಮೊದಲು ಇದನ್ನು ಸ್ವಲ್ಪ ನೆನಪಿಡಿ. ಆದರೆ ಒಳಗಿಟ್ಟದ್ದರ ಪಟ್ಟಿಯೂ ಜನರಿಗೆ ಸಿಗುವುದಿಲ್ಲ ಅಂದರೆ ಧಾರಾಳವಾಗಿ ಬೈಯಿರಿ.

ಕಾನೂನೂ ಕಲಾವಿದರ ಪರ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ದೆಹಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರನಾಥ್ ಸೆಹಗಲ್ ಮಾಡಿದ್ದ ಭಾರಿ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದರು. ಅವರು ಕೋರ್ಟಿಗೆ ಹೋದರು. ಉಳಿದ ತುಂಡುಗಳನ್ನು ಅವರಿಗೆ ವಾಪಸ್ ಕೊಡಿ, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿ ಅಂತ ದೆಹಲಿ ಹೈಕೋರ್ಟ್ 2005ರಲ್ಲಿ ಹೇಳಿತು. ಆಧಾರ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್. ಚಿತ್ರ ಮಾರಿದರೂ ಅದನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕು ಮಾಡಿದವರ ಹತ್ತಿರವೇ ಉಳಿಯುತ್ತದೆ.

ಹಾಗಾಗಿ ಸಾರ್ವಜನಿಕ ಸಂಸ್ಥೆಗೆ ಚಿತ್ರ ಕೊಡುವ ಕಲಾವಿದರಿಗೆ ನಾನು ಹೇಳುವುದು: ಹಾರ ಶಾಲು ಆಮೇಲೆ ಆಗಲಿ, ಮೊದಲು ಸಹಿ ಮಾಡಿದ ಸ್ವೀಕೃತಿ ಪತ್ರ ತೆಗೆದುಕೊಳ್ಳಿ. ಅದರಲ್ಲಿ ಶೀರ್ಷಿಕೆ, ವರ್ಷ, ಅಳತೆ, ಯಾವ ಬಣ್ಣ, ಅವರು ಕೊಟ್ಟ ನಂಬರ್, ಎಲ್ಲ ಇರಲಿ. ಬೇಡವಾದಾಗ ಗುಜರಿಗೆ ಹಾಕದೆ ನನಗೋ ನನ್ನ ಮನೆಯವರಿಗೋ ತಿಳಿಸಬೇಕು ಅಂತ ಒಂದು ಸಾಲು ಸೇರಿಸಿ. ನಂಬರ್ ಅಂದರೆ ಏನು ಅಂತ ಅವರೇ ಕೇಳಿದರೆ, ಚಿತ್ರವನ್ನು ಅವತ್ತು ಮನೆಗೆ ವಾಪಸ್ ತನ್ನಿ.